ಮೂಗಿನ ಮೇಲಿನ ಸ್ಪ್ಲಿಂಟ್ ಸಡಿಲಾಗಿದೆ, ಬಿಚ್ಚಿಸಿಬಿಡಲಾ?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಾನು ಬಾಗಲಕೋಟೆಯವಳು, ವಯಸ್ಸು 26. ಐದು ದಿನಗಳ ಹಿಂದೆ ಬೆಳಗಾವಿಯಲ್ಲಿ ನನ್ನ ಮೂಗಿನ ಆಪರೇಷನ್ ಆಯಿತು. ಮೂಗಿನ ಮೇಲಿದ್ದ ಉಬ್ಬು ತೆಗೆದು, ಒಳಗಿನ ಸೊಟ್ಟ ಗೋಡೆಯನ್ನೂ ನೆಟ್ಟಗೆ ಮಾಡಿದ್ದಾರೆ. ಮೇಲೆ ಬಿಳಿ ಪ್ಲಾಸ್ಟಿಕ್‌ನಂಥ ಸ್ಪ್ಲಿಂಟ್ ಇದೆ, ಒಳಗೂ ಏನೋ ಇಟ್ಟು ಹೊಲಿದಿದ್ದಾರೆ. ಎಂಟನೇ ದಿನ ಬನ್ನಿ ಅಂದಿದ್ದಾರೆ. ಬಿಗಿಯಾಗಿದ್ದ ಸ್ಪ್ಲಿಂಟ್ ನಿನ್ನೆಯಿಂದ ಸಡಿಲಾಗಿದೆ, ಮೇಲಿನ ಅಂಚು ಸ್ವಲ್ಪ ಎದ್ದಿದೆ. ಒಳಗೆ ವಿಪರೀತ ತುರಿಕೆ. ಇಲ್ಲಿ ಈಗಲೇ ಬಿಸಿಲು ಜೋರಾಗಿದೆ, ಸೆಕೆಗೆ ಅದು ಮೆತ್ತಗಾಗಿ ಮೂಗು ಸೊಟ್ಟ ಕೂರುತ್ತಾ ಅಂತ ಭಯ. ಅಣ್ಣ "ಸಡಿಲಾದ ಮೇಲೆ ಅದರಿಂದ ಏನು ಉಪಯೋಗ, ಇಲ್ಲೇ ಯಾರ ಹತ್ತಿರಾದರೂ ಬಿಚ್ಚಿಸು" ಅನ್ನುತ್ತಾನೆ. ನಮ್ಮ ಆಯಿ ಓಣಿಯ ಎಷ್ಟೋ ಕೂಸುಗಳಿಗೆ ಎರೆದವಳು. ಬಿಸಿ ತುಪ್ಪ ಹಚ್ಚಿ ದಿನಾ ಎರಡು ಸಲ ತೀಡಿದರೆ ಮೂಗು ನೆಟ್ಟಗೆ ನಿಲ್ಲುತ್ತದೆ ಅನ್ನುತ್ತಾಳೆ. ಕನ್ನಡಿಯಲ್ಲಿ ತುದಿ ಮೇಲಕ್ಕೆದ್ದು ದಪ್ಪಗೆ ಕಾಣುತ್ತಿದೆ. ಇನ್ನು ಹತ್ತು ದಿನಕ್ಕೆ ಹೋಳಿ, ವೈಶಾಖದಲ್ಲಿ ನನ್ನ ಮದುವೆ. ಏನು ಮಾಡಲಿ?

ಉತ್ತರ: ಬಿಚ್ಚಬೇಡಿ, ಬಿಚ್ಚಿಸಲೂ ಬೇಡಿ. ಇನ್ನು ಮೂರೇ ದಿನ ಉಳಿದಿದೆ. ಇವತ್ತೇ ಮುಖದ ಮೂರು ಫೋಟೋ ತೆಗೆಸಿ: ಒಂದು ಎದುರಿನಿಂದ, ಎರಡು ಪಕ್ಕದಿಂದ. ಆಪರೇಷನ್ ಮಾಡಿದವರಿಗೇ ಕಳಿಸಿ, ಅಂಚು ಎದ್ದಿದೆ ಅಂತ ಹೇಳಿ. ಅವರು ನೋಡಿ "ಇರಲಿ ಬಿಡಿ" ಅನ್ನುವ ಸಾಧ್ಯತೆಯೇ ಜಾಸ್ತಿ. ಆದರೆ ಆ ಮಾತು ಅವರಿಂದಲೇ ಬರಬೇಕು. ಒಳಗೆ ಎಲ್ಲೆಲ್ಲಿ ಎಲುಬು ಕತ್ತರಿಸಿದ್ದಾರೆ, ಎಲ್ಲಿ ಹೊಲಿಗೆ ಇದೆ ಅನ್ನುವುದು ಗೊತ್ತಿರುವುದು ಅವರಿಗೆ. ವಿಜಯಪುರದಲ್ಲಿ ಕೂತ ನನಗೆ ಗೊತ್ತಿಲ್ಲ, ನಿಮ್ಮ ಅಣ್ಣನಿಗಂತೂ ಗೊತ್ತೇ ಇಲ್ಲ.

ಈಗ ಸಡಿಲ ಯಾಕಾಯಿತು ನೋಡೋಣ. ಆಪರೇಷನ್ ಮುಗಿದ ಕೂಡಲೇ ಈ ಸ್ಪ್ಲಿಂಟ್‌ನ ಹಾಳೆಯನ್ನು ಬಿಸಿ ನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ಮೂಗಿನ ಮೇಲಿಟ್ಟು ಅದೇ ಆಕಾರಕ್ಕೆ ಒತ್ತುತ್ತೇವೆ. ಆರಿದ ಮೇಲೆ ಗಟ್ಟಿಯಾಗುತ್ತದೆ. ಆ ಹೊತ್ತಿಗೇ ಮೂಗು ಸ್ವಲ್ಪ ಊದಿಕೊಂಡಿರುತ್ತದೆ. ಬಾವು ಎರಡನೇ, ಮೂರನೇ ದಿನದವರೆಗೂ ಏರುತ್ತದೆ, ಆಗಲೇ ನಿಮಗೆ ಅದು ಬಿಗಿ ಅನ್ನಿಸಿದ್ದು. ಆಮೇಲೆ ಇಳಿಯುತ್ತದೆ. ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡ ಕಟ್ಟಿಗೆಯ ಬಾಗಿಲು ಬೇಸಿಗೆಯಲ್ಲಿ ಸಲೀಸಾಗುತ್ತದಲ್ಲ, ಹಾಗೆ. ಬಾಗಿಲು ಕೆಟ್ಟಿಲ್ಲ, ನೀರು ಆರಿದೆ ಅಷ್ಟೇ. ಐದನೇ ದಿನಕ್ಕೆ ಸ್ವಲ್ಪ ಸಡಿಲಾಯಿತು ಅಂದರೆ ಬಾವು ಇಳಿಯುತ್ತಿದೆ ಅಂತ ಅರ್ಥ. ಜೊತೆಗೆ ಚರ್ಮದ ಎಣ್ಣೆ, ಬೆವರು ಸೇರಿ ಅಂಟು ಬಿಡುತ್ತದೆ. ಹುಬ್ಬುಗಳ ನಡುವೆ ಎಣ್ಣೆ ಜಾಸ್ತಿ, ಹಾಗಾಗಿ ಮೇಲಿನ ಅಂಚೇ ಮೊದಲು ಏಳುತ್ತದೆ.

ಸಡಿಲಾದ ಸ್ಪ್ಲಿಂಟ್‌ನಿಂದ ಏನು ಉಪಯೋಗ ಅನ್ನುವ ಅಣ್ಣನ ಪ್ರಶ್ನೆ ತಪ್ಪೇನಲ್ಲ. ಸ್ಪ್ಲಿಂಟ್ ಮೂಗಿಗೆ ಆಕಾರ ಕೊಡುತ್ತದೆ ಅಂತ ಬಹಳ ಜನ ತಿಳಿದಿರುತ್ತಾರೆ. ಆಕಾರ ಕೊಟ್ಟಾಗಿದೆ, ಆಪರೇಷನ್ ಟೇಬಲ್ ಮೇಲೇ. ಮೂಗಿನ ಮೇಲಿನ ಸುಮಾರು ಮೂರನೇ ಒಂದು ಭಾಗ ಎಲುಬು, ಕೆಳಗೆ ಉಳಿದದ್ದು ಕಿವಿಯಲ್ಲಿರುವಂಥ ಮೆದು ಎಲುಬು, ನಾವು ಕಾರ್ಟಿಲೇಜ್ ಅನ್ನುವುದು. ಉಬ್ಬು ತೆಗೆದಾಗ ಎಲುಬಿನ ಮಾಳಿಗೆ ಬಾಯಿ ತೆರೆದ ಹಾಗಾಗುತ್ತದೆ. ಅದನ್ನು ಮುಚ್ಚಲು ಸಾಮಾನ್ಯವಾಗಿ ಎರಡೂ ಕಡೆಯ ಎಲುಬನ್ನು ಬುಡದಲ್ಲಿ ಕತ್ತರಿಸಿ ಒಳಕ್ಕೆ ತರುತ್ತೇವೆ. ಅದಕ್ಕೂ ಮೊದಲು ಚರ್ಮವನ್ನು ಎಲುಬಿನಿಂದ ಬಿಡಿಸಿ ಎತ್ತಿರುತ್ತೇವೆ. ಸ್ಪ್ಲಿಂಟ್‌ನ ಕೆಲಸ ಈ ಚರ್ಮ ಎಲುಬಿಗೆ ಮತ್ತೆ ಅಂಟುವ ತನಕ ನಡುವೆ ರಕ್ತ, ನೀರು ನಿಲ್ಲದಂತೆ ಒತ್ತಿಟ್ಟುಕೊಳ್ಳುವುದು, ಎಲುಬು ಸರಿಯದಂತೆ ಕಾಯುವುದು. ಸ್ಪ್ಲಿಂಟ್ ಅಡಿಯಲ್ಲಿ ಟೇಪಿನ ಪಟ್ಟಿಗಳೂ ಇರುತ್ತವೆ, ಒತ್ತುವ ಕೆಲಸದ ದೊಡ್ಡ ಪಾಲು ಅವುಗಳದು. ಹಾಗಾಗಿ ಗಟ್ಟಿ ಹಾಳೆ ಸ್ವಲ್ಪ ಸಡಿಲಾದರೂ ಕೆಲಸ ನಿಂತಿಲ್ಲ. ಐದನೇ ದಿನಕ್ಕೆ ಎಲುಬು ಅಂಟಂಟಾಗಿದೆ, ಬೆಸೆದಿಲ್ಲ. ಗಟ್ಟಿಯಾಗಿ ಬೆಸೆಯಲು ಸುಮಾರು ಆರು ವಾರ ಬೇಕು.

ಈಗ ಆಯಿಯ ಮಾತಿಗೆ ಬರುತ್ತೇನೆ. ಇದನ್ನು ನಾನು ನಕ್ಕು ತಳ್ಳಿಹಾಕುವುದಿಲ್ಲ. ನನ್ನ ಮೂಗನ್ನೂ ನಮ್ಮ ಆಯಿ ತೀಡಿದ್ದಳಂತೆ. ಎರೆಯುವಾಗ ಕೂಸಿನ ಮೂಗು ತೀಡುವುದು ನಮ್ಮ ಕಡೆ ಮನೆ ಮನೆಯಲ್ಲೂ ಇದೆ. ತೀಡಿದ್ದರಿಂದ ಮೂಗು ನೆಟ್ಟಗಾಗುವುದಿಲ್ಲ. ಹುಟ್ಟುವಾಗ ಚಪ್ಪಟೆ ಇದ್ದ ಮೂಗು ಕೂಸು ಬೆಳೆದಂತೆ ತಾನೇ ಏಳುತ್ತದೆ, ಹೆಸರು ಮಾತ್ರ ಎರೆದವಳಿಗೆ ಬರುತ್ತದೆ. ಕೂಸಿನ ಮೂಗಿಗೆ ಏನೂ ಮಾಡದ ಆ ಕೈ ನಿಮ್ಮ ಮೂಗಿಗೆ ಈಗ ಖಂಡಿತ ಏನಾದರೂ ಮಾಡುತ್ತದೆ. ಯಾಕೆಂದರೆ ನಿಮ್ಮ ಎಲುಬು ಈಗ ನಿಜವಾಗಿಯೂ ಸರಿಯುವ ಸ್ಥಿತಿಯಲ್ಲಿದೆ. ಹೆಬ್ಬೆರಳಿನಿಂದ ಒಂದು ಕಡೆ ಸ್ವಲ್ಪ ಜಾಸ್ತಿ ಒತ್ತಿದರೂ ಅದು ಒಳಕ್ಕೆ ಹೋಗಬಹುದು. ಬಿಸಿ ತುಪ್ಪದಿಂದ ಟೇಪಿನ ಅಂಟು ಪೂರ್ತಿ ಬಿಡುತ್ತದೆ, ಬಿಸಿಗೆ ರಕ್ತನಾಳ ಹಿಗ್ಗಿ ರಕ್ತ ಬರಬಹುದು. ಸ್ಪ್ಲಿಂಟ್ ಬಿಚ್ಚಿದ ಮೇಲೆ ಕೆಲವರಿಗೆ ಡಾಕ್ಟರೇ ಬೆರಳಿಂದ ಒತ್ತುವ ವ್ಯಾಯಾಮ ಹೇಳಿಕೊಡುವುದುಂಟು. ಅದು ಆ ಮೂಗಿಗೆ, ಆ ಜಾಗಕ್ಕೆ, ಇಷ್ಟೇ ಹೊತ್ತು ಅಂತ ಲೆಕ್ಕ ಹಾಕಿ ಹೇಳಿದ್ದು. ಯಾರೋ ಹೇಳಿದರು ಅಂತ ನೀವಾಗಿಯೇ ಶುರು ಮಾಡಬೇಡಿ. ಆಯಿಗೆ ಬೇರೆ ಕೆಲಸ ಕೊಡಿ. ತುಪ್ಪವನ್ನು ಮೆತ್ತನೆ ಅನ್ನಕ್ಕೆ ಹಾಕಿಕೊಡಲಿ.

ಅಂದಹಾಗೆ, ತಿದ್ದಿದ ಮೂಗನ್ನು ಒಳಗಿನಿಂದಲೂ ಆಧರಿಸಬೇಕು ಅನ್ನುವುದು ಹೊಸ ವಿದ್ಯೆ ಅಲ್ಲ. ಕತ್ತರಿಸಿ ಹೋದ ಮೂಗನ್ನು ಚರ್ಮ ಹೊಲಿದು ಕಟ್ಟುವ ವಿಧಾನವನ್ನು ವಿವರಿಸುವಾಗ ಸುಶ್ರುತ, ಉಸಿರಾಟಕ್ಕೆ ಎರಡು ಹೊಳ್ಳೆಗಳಲ್ಲೂ ಔಡಲ ಗಿಡದ ದಂಟಿನ ಕೊಳವೆ ಇಡಲು ಹೇಳುತ್ತಾನೆ, ಮೇಲೆ ಹತ್ತಿ ಹೊದಿಸಲು ಹೇಳುತ್ತಾನೆ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಪುಣೆಯಲ್ಲಿ ನಡೆದ ಇಂಥದೇ ಆಪರೇಷನ್ ಬಗ್ಗೆ ಬರೆಯಿತು. ರೋಗಿ ಬ್ರಿಟಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಟಿಪ್ಪುವಿನ ಸೆರೆಯಲ್ಲಿ ಮೂಗು ಕಳೆದುಕೊಂಡಿದ್ದ ಅವನಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದ್ದರು. ಆಗಲೂ ರೋಗಿಯನ್ನು ಐದಾರು ದಿನ ಅಂಗಾತ ಮಲಗಿಸಿ ಇಡುತ್ತಿದ್ದರು. ನಿಮ್ಮ ಮೂಗಿನೊಳಗೆ ಈಗ ಇರುವುದು ಔಡಲ ದಂಟಿನ ಮೊಮ್ಮಗ: ಸಿಲಿಕೋನ್ ಸ್ಪ್ಲಿಂಟ್. ನೆಟ್ಟಗೆ ಮಾಡಿದ ನಡುಗೋಡೆಯ ಎರಡೂ ಬದಿಗೆ ಅದನ್ನಿಟ್ಟು, ಗೋಡೆಯ ಮೂಲಕ ಒಂದು ಹೊಲಿಗೆ ಹಾಕಿರುತ್ತಾರೆ.

ಆ ಹೊಲಿಗೆಯ ನೂಲು ಕೆಲವೊಮ್ಮೆ ಹೊಳ್ಳೆಯಲ್ಲಿ ಕಾಣುತ್ತದೆ. ಎಳೆಯಬೇಡಿ. ಒಳಗೆ ಒಣಗಿದ ರಕ್ತ, ಸಿಂಬಳ ಗಟ್ಟಿಕಟ್ಟಿ ಮೂಗು ಪೂರ್ತಿ ಮುಚ್ಚಿದಂತಾಗುವುದು ಈ ಹಂತದಲ್ಲಿ ಸಹಜ. ನೆಗಡಿ ಬಂದ ಹಾಗೆ ತಲೆ ಭಾರ, ಬಾಯಲ್ಲೇ ಉಸಿರು, ರಾತ್ರಿ ಗಂಟಲು ಒಣಗುವುದು ಎಲ್ಲ ಇರುತ್ತದೆ. ಬರೆದುಕೊಟ್ಟಿದ್ದರೆ ಸಲೈನ್ ಡ್ರಾಪ್ಸ್ ಅಥವಾ ಸ್ಪ್ರೇಯನ್ನು ಹೇಳಿದಷ್ಟು ಸಲ ಹಾಕಿ, ಅದೇ ನೆನೆದು ಮೆತ್ತಗಾಗುತ್ತದೆ. ಮನೆಯಲ್ಲಿ ಉಪ್ಪು ನೀರು ಮಾಡಿಕೊಳ್ಳುವುದಕ್ಕಿಂತ ಮೆಡಿಕಲ್‌ನಲ್ಲಿ ಸಿಗುವ ಶುದ್ಧವಾದದ್ದೇ ಒಳ್ಳೆಯದು. ಹೊಳ್ಳೆಯ ಬಾಯಿಯಲ್ಲಿ ಕಾಣುವ ಹೆಕ್ಕಳಿಕೆಯನ್ನಷ್ಟೇ ಒದ್ದೆ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಒರೆಸಿ, ಕಡ್ಡಿಯ ಹತ್ತಿ ಮರೆಯಾಗುವಷ್ಟು ಒಳಗೆ ಹೋಗಬೇಡಿ. ಸೀಟಬೇಡಿ, ಕನಿಷ್ಠ ಎರಡು ಮೂರು ವಾರ. ಅಜವಾನ ಹಾಕಿ ಹಬೆ ತೆಗೆದುಕೊಳ್ಳುವುದು ಬೇಡವೇ ಬೇಡ.

ಸೀನು ತಡೆಯಲಾಗದು, ಬರಲಿ. ಬಾಯಿ ಅಗಲ ತೆರೆದು ಸೀನಿ, ಒತ್ತಡ ಮೂಗಿಗೆ ಹೋಗದೆ ಬಾಯಿಂದ ಹೊರಬೀಳುತ್ತದೆ. ಮೂಗು ಹಿಡಿದು ಸೀನು ನುಂಗುವುದು ಮಾತ್ರ ಕೂಡದು. ನಮ್ಮ ಕಡೆ ಇದು ಖಾರಪುಡಿ ಮಾಡಿಸುವ ಕಾಲ. ಮನೆಯಲ್ಲಿ ಮೆಣಸಿನಕಾಯಿ ಹುರಿಯುವುದಿದ್ದರೆ ಎರಡು ವಾರ ಮುಂದಕ್ಕೆ ಹಾಕಿಸಿ, ಇಲ್ಲವೇ ನೀವು ಆ ದಿನ ಬೇರೆ ಮನೆಗೆ ಹೋಗಿ. ಹಿಂದೊಮ್ಮೆ ನನ್ನ ರೋಗಿಯೊಬ್ಬರು ನಾಲ್ಕನೇ ದಿನ ಒಗ್ಗರಣೆಯ ಘಾಟಿಗೆ ಸಾಲಾಗಿ ಹತ್ತು ಹದಿನೈದು ಸಲ ಸೀನಿ, ರಕ್ತ ಸುರಿಸಿಕೊಂಡು ಬಂದಿದ್ದರು. ಸೊಟ್ಟೇನೂ ಆಗಿರಲಿಲ್ಲ, ಮನೆಯವರೆಲ್ಲ ಗಾಬರಿಯಾದರು ಅಷ್ಟೇ.

ಬಿಸಿಲಿನ ಭಯ ಬಿಡಿ. ಈ ಹಾಳೆ ಮೆತ್ತಗಾಗಲು ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿ ನೀರು ಬೇಕು. ಬಾಗಲಕೋಟೆಯಲ್ಲಿ 40 ದಾಟಿದರೂ ನಿಮ್ಮ ಮೂಗಿನ ಮೇಲೆ ಅದು ಕರಗುವುದಿಲ್ಲ. ಒಲೆಯ ಉರಿಗೆ ಮುಖ ಕೊಟ್ಟು ರೊಟ್ಟಿ ಬಡಿಯುತ್ತಾ ಕೂರುವುದು ಮಾತ್ರ ಈಗ ಬೇಡ. ನಿಜವಾದ ಶತ್ರು ಬೆವರು. ಅಂಟು ಬಿಡುವುದೂ ತುರಿಸುವುದೂ ಅದರಿಂದಲೇ. ಕೂಲರ್ ಅಥವಾ ಫ್ಯಾನ್ ಇರುವ ಕೋಣೆಯಲ್ಲಿರಿ. ಕೂಲರ್ ಗಾಳಿ ನೇರ ಮುಖಕ್ಕೆ ಹೊಡೆಯದಿರಲಿ, ಒಳಗೆ ಇನ್ನಷ್ಟು ಒಣಗುತ್ತದೆ. ಕುತ್ತಿಗೆಯಿಂದ ಕೆಳಗೆ ಸ್ನಾನ ಮಾಡಿ. ತಲೆಗೆ ನೀರು ಹಾಕುವುದಿದ್ದರೆ ಪಾರ್ಲರ್‌ನಲ್ಲಿ ಮಾಡುವ ಹಾಗೆ ತಲೆ ಹಿಂದಕ್ಕೆ ಒರಗಿಸಿ, ಬೇರೊಬ್ಬರು ಹಾಕಲಿ. ಮುಖವನ್ನು ಒದ್ದೆ ಬಟ್ಟೆಯಿಂದ ಸ್ಪ್ಲಿಂಟ್ ಬಿಟ್ಟು ಒರೆಸಿಕೊಳ್ಳಿ. ತಪ್ಪಿ ಒದ್ದೆಯಾದರೆ ಬಟ್ಟೆಯಿಂದ ಒತ್ತಿ ಒಣಗಿಸಿ, ಹೇರ್ ಡ್ರೈಯರ್ ಹಿಡಿಯುವುದಾದರೆ ತಣ್ಣನೆ ಗಾಳಿಯಲ್ಲಿ, ದೂರದಿಂದ.

ತುರಿಕೆಗೆ ಪಿನ್ನು, ಕ್ಲಿಪ್ಪು, ಪೊರಕೆಕಡ್ಡಿ ತೂರಿಸುವವರನ್ನು ನೋಡಿದ್ದೇನೆ. ಅಡಿಯಲ್ಲಿರುವ ಚರ್ಮ ಈಗ ಮರಗಟ್ಟಿರುತ್ತದೆ, ಗೀರಿದ್ದು ಗೊತ್ತೇ ಆಗುವುದಿಲ್ಲ. ಕೆನ್ನೆಯ ಮೇಲೆ ತಣ್ಣನೆ ಬಟ್ಟೆ ಇಟ್ಟರೆ ಸ್ವಲ್ಪ ತಗ್ಗುತ್ತದೆ. ತಡೆಯಲಾಗದಿದ್ದರೆ ತುರಿಕೆಯ ಮಾತ್ರೆ ಕೊಡಬಹುದು, ಫೋಟೋ ಕಳಿಸುವಾಗ ಇದನ್ನೂ ಕೇಳಿ. ಬರೀ ತುರಿಕೆ ಆದರೆ ಚಿಂತೆ ಇಲ್ಲ. ಟೇಪಿನ ಅಂಚಿನಲ್ಲಿ ಕೆಂಪು ಗುಳ್ಳೆ, ನೀರು ಒಸರುವುದು ಕಂಡರೆ ಟೇಪಿನ ಅಂಟು ನಿಮ್ಮ ಚರ್ಮಕ್ಕೆ ಆಗಿಬರುತ್ತಿಲ್ಲ ಅಂತ. ಆಗ ಎಂಟನೇ ದಿನಕ್ಕೆ ಕಾಯದೆ ಮೊದಲೇ ಹೋಗಿ.

ಎದ್ದ ಅಂಚಿನ ವಿಷಯ. ಡಾಕ್ಟರು ಒಪ್ಪಿದರೆ ಹಣೆಯ ಮೇಲಿಂದ ಸ್ಪ್ಲಿಂಟ್‌ನ ಮೇಲಕ್ಕೆ ಬರುವ ಹಾಗೆ ಒಂದು ಮೈಕ್ರೋಪೋರ್ ಟೇಪು ಹಚ್ಚಬಹುದು. ಹಗುರವಾಗಿ ಕೂರಿಸಬೇಕು, ಬಿಗಿದು ಎಳೆಯಬಾರದು. ಬಿಗಿ ಮಾಡಿದಷ್ಟೂ ಒಳ್ಳೆಯದು ಅಂತ ನಾನೂ ವೃತ್ತಿಯ ಮೊದಲ ವರ್ಷಗಳಲ್ಲಿ ತಿಳಿದಿದ್ದೆ. ಒಬ್ಬರ ಮೂಗಿನ ಮೇಲೆ ಬೊಬ್ಬೆ ಎದ್ದ ಮೇಲೆ ಬುದ್ಧಿ ಬಂತು. ಬಾವು ಬಂದ ಚರ್ಮಕ್ಕೆ ಬಿಗಿ ಒತ್ತಡ ಬಿದ್ದರೆ ರಕ್ತ ಓಡಾಟ ಕಡಿಮೆಯಾಗಿ ಚರ್ಮವೇ ಕಪ್ಪಾಗಬಹುದು. ಫೆವಿಕ್ವಿಕ್ ಹಚ್ಚಲಾ ಅಂತ ಕೇಳಿದವರೂ ಇದ್ದಾರೆ. ಬೇಡ.

ಇಲ್ಲೇ ಬಿಚ್ಚಿಸಿದರೆ ಏನಾಗುತ್ತದೆ? ಬಿಚ್ಚುವುದು ನೋಡಲು ಸುಲಭ, ಎರಡು ನಿಮಿಷದ ಕೆಲಸ. ಆದರೆ ಹಾಳೆಯನ್ನು ಜೋರಾಗಿ ಕಿತ್ತರೆ ಈಗಷ್ಟೇ ಅಂಟುತ್ತಿರುವ ಚರ್ಮವೂ ಎಲುಬಿನಿಂದ ಮೇಲೇಳುತ್ತದೆ, ಸಂದಿಯಲ್ಲಿ ರಕ್ತ ತುಂಬುತ್ತದೆ. ಅಂಟು ಬಿಡಿಸುವ ದ್ರವ ಹಾಕಿ ನೆನೆಸಿ, ಚರ್ಮವನ್ನು ಒಂದು ಬೆರಳಿಂದ ಒತ್ತಿಟ್ಟುಕೊಂಡೇ ನಿಧಾನ ಬಿಡಿಸಬೇಕು. ಒಳಗಿನ ಸ್ಪ್ಲಿಂಟ್‌ನ ಹೊಲಿಗೆ ಕತ್ತರಿಸದೆ ಎಳೆದರೆ ಇನ್ನೂ ಕಷ್ಟ. ಬೆಳಗಾವಿಗೆ ಹೋಗಲು ನಿಜಕ್ಕೂ ಆಗದ ಪರಿಸ್ಥಿತಿ ಇದ್ದರೆ ದಾರಿ ಇಲ್ಲದಿಲ್ಲ. ಆಪರೇಷನ್ ಮಾಡಿದವರೇ ನಿಮ್ಮೂರಿನ ಕಿವಿ-ಮೂಗು-ಗಂಟಲು ತಜ್ಞರ ಜೊತೆ ಫೋನಿನಲ್ಲಿ ಮಾತಾಡಿ ಹೇಳಲಿ. ಇದನ್ನು ಎಷ್ಟೋ ಸಲ ಮಾಡಿದ್ದೇವೆ. ನನ್ನ ಅಭಿಪ್ರಾಯ ಕೇಳಿದರೆ, ನೀವು ಹೋಗಿಯೇ ಬನ್ನಿ. ಬಿಚ್ಚಿದ ದಿನದ ಮೂಗನ್ನು ಅದನ್ನು ತಿದ್ದಿದವರೇ ನೋಡಬೇಕು.

ಒಂದು ವೇಳೆ ರಾತ್ರಿ ನಿದ್ದೆಯಲ್ಲಿ ಸ್ಪ್ಲಿಂಟ್ ಕಳಚಿ ಬಿದ್ದರೆ? ಗಾಬರಿ ಬೇಡ, ಮೂಗು ಬಿದ್ದಿಲ್ಲ. ಅದನ್ನು ತಿರುಗಿ ಒತ್ತಿ ಕೂರಿಸಲು ಹೋಗಬೇಡಿ. ಅಡಿಯ ಟೇಪುಗಳು ಹಾಗೇ ಇರಲಿ. ದಿಂಬಿಗೆ ಒರಗಿ ಕೂತಿರಿ, ಬೆಳಗಾದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಮೂರನೇ ದಿನ ಬಿದ್ದಿದ್ದರೆ ಹೊಸದು ಹಾಕುತ್ತಿದ್ದರು. ಆರು, ಏಳನೇ ದಿನಕ್ಕೆ ಬಿದ್ದರೆ ಬಹಳಷ್ಟು ಸಲ ಬರೀ ಟೇಪು ಹಚ್ಚಿ ಬಿಡುತ್ತೇವೆ. ಸ್ಪ್ಲಿಂಟ್ ಒಂದೇ ಕಡೆ ಜರುಗಿ, ಅದರ ಅಂಚು ಮೂಗನ್ನು ಒತ್ತುತ್ತಿದ್ದರೆ ಅದು ಬಿದ್ದಿದ್ದಕ್ಕಿಂತ ಕೆಟ್ಟದ್ದು. ಅವತ್ತೇ ತೋರಿಸಿ.

ಉಳಿದದ್ದು ನಿಮಗೆ ಹೇಳಿಯೇ ಇರುತ್ತಾರೆ. ಎರಡು ಮೂರು ದಿಂಬು ಇಟ್ಟು, ಅಂಗಾತ, ತಲೆ ಎತ್ತರಕ್ಕೆ. ಕಟಕ್ ರೊಟ್ಟಿ ಬೇಡ, ಬಿಸಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಬಹುದು. ಬಗ್ಗಿ ಕೊಡ ಎತ್ತುವುದು ಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಐಬುಪ್ರೊಫೆನ್, ಆಸ್ಪಿರಿನ್ ಥರದ ಮಾತ್ರೆಗಳನ್ನು ಡಾಕ್ಟರು ಬರೆಯದೆ ತೆಗೆದುಕೊಳ್ಳಬೇಡಿ, ರಕ್ತ ಬರುವುದು ಜಾಸ್ತಿಯಾಗಬಹುದು. ಮನೆಯಲ್ಲಿ ಯಾರಾದರೂ ಬೀಡಿ, ಸಿಗರೇಟು ಸೇದಿದರೆ ಅಂಗಳಕ್ಕೆ ಕಳಿಸಿ.

ಆದರೆ ಕೆಲವು ಸಂಗತಿಗಳಿಗೆ ಎಂಟನೇ ದಿನದ ಲೆಕ್ಕ ಇಲ್ಲ. ಈಗ ಐದನೇ ದಿನ, ನೋವು ಇಳಿಯುತ್ತಾ ಬರಬೇಕು. ಇಳಿದ ನೋವು ಮತ್ತೆ ಏರಿದರೆ, ಅದರಲ್ಲೂ ಒಳಗೆ ಎರಡೂ ಕಡೆ ಬಿಗಿದು, ತಿವಿದಂತೆ ನೋಯತೊಡಗಿದರೆ, ನಡುಗೋಡೆಯಲ್ಲಿ ರಕ್ತ ನಿಂತಿರಬಹುದು. ಅದನ್ನು ತೆಗೆಯದೆ ಎರಡು ಮೂರು ದಿನ ಬಿಟ್ಟರೆ ಕಾರ್ಟಿಲೇಜ್ ಸಾಯುತ್ತದೆ, ಮೂಗು ನಡುವೆ ಕುಸಿಯುತ್ತದೆ. 101 ಡಿಗ್ರಿ ದಾಟಿದ ಜ್ವರ, ಕೆಟ್ಟ ವಾಸನೆಯ ಕೀವು, ಸ್ಪ್ಲಿಂಟ್‌ನ ಪಕ್ಕದ ಚರ್ಮ ಕಪ್ಪಾಗುವುದು, ಕಣ್ಣು ಮಂಜಾಗುವುದು, ಬಗ್ಗಿದಾಗ ಒಂದೇ ಹೊಳ್ಳೆಯಿಂದ ನೀರಿನಂಥದ್ದು ತೊಟ್ಟಿಕ್ಕುವುದು, ಜ್ವರದ ಜೊತೆ ವಾಂತಿ, ಮೈಮೇಲೆ ಕೆಂಪು ದದ್ದು. ಇವುಗಳಲ್ಲಿ ಯಾವುದೇ ಇದ್ದರೂ ಬೆಳಗಾವಿ ಬಸ್ಸಿಗೆ ಕಾಯಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ದಾರಿಯಲ್ಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ರಕ್ತ ಬಂದರೆ ಕೂತು ಸ್ವಲ್ಪ ಮುಂದಕ್ಕೆ ಬಗ್ಗಿ, ಬಾಯಿಗೆ ಬಂದದ್ದನ್ನು ಉಗುಳಿ. ಸಾಮಾನ್ಯವಾಗಿ ಮೂಗಿನಿಂದ ರಕ್ತ ಸೋರಿದಾಗ ಮಾಡುವ ಹಾಗೆ ಮೂಗು ಹಿಂಡಿ ಹಿಡಿಯಬೇಡಿ. ಕಾಲು ತಾಸಿನಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ.

ಕನ್ನಡಿಯ ಮಾತು. ಬಿಚ್ಚಿದ ದಿನ ನಿಮಗೆ ನಿರಾಸೆ ಆಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಮೂಗು ಅಗಲ ಕಾಣುತ್ತದೆ, ತುದಿ ಎದ್ದಿರುತ್ತದೆ, ಚರ್ಮದ ಮೇಲೆ ಎಣ್ಣೆ ಜಿಡ್ಡು, ಕಪ್ಪು ಚುಕ್ಕೆ. ಒತ್ತಡ ತೆಗೆದದ್ದರಿಂದ ಮುಂದಿನ ಒಂದೆರಡು ದಿನ ಬಾವು ಸ್ವಲ್ಪ ಏರಲೂಬಹುದು. ನಗು ಬಿಗಿದಂತೆ, ಮುಂದಿನ ಹಲ್ಲು ಮರಗಟ್ಟಿದಂತೆ ಕೆಲವು ವಾರ ಅನ್ನಿಸುತ್ತದೆ. ವೈಶಾಖದ ಹೊತ್ತಿಗೆ ಎದ್ದು ಕಾಣುವ ಬಾವು ಹೋಗಿರುತ್ತದೆ, ಮದುವೆಯ ಫೋಟೋದಲ್ಲಿ ಯಾರಿಗೂ ಏನೂ ಗೊತ್ತಾಗದು. ತುದಿಯ ಕೊನೆಯ ಬಾವು ಇಳಿದು ಮೂಗು ತನ್ನ ನಿಜವಾದ ರೂಪಕ್ಕೆ ಬರಲು ವರ್ಷ ಬೇಕು, ದಪ್ಪ ಚರ್ಮದವರಿಗೆ ಇನ್ನೂ ಜಾಸ್ತಿ. ಮದುವೆಗೆ ದೊಡ್ಡ ನತ್ತು ಹಾಕುವ ಯೋಚನೆ ಇದ್ದರೆ ಭಾರದ್ದು, ಒತ್ತಿ ಕಚ್ಚುವಂಥದ್ದು ಬೇಡ. ಮೂಗುತಿಯನ್ನು ಯಾವಾಗ ಹಾಕಬಹುದು ಅನ್ನುವುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಚಷ್ಮಾ ಇದ್ದರೆ ನಾಲ್ಕರಿಂದ ಆರು ವಾರ ಮೂಗಿನ ಮೇಲೆ ಕೂರಿಸಬೇಡಿ.

ಹೋಳಿ ಈ ವರ್ಷ ಮಾಳಿಗೆಯ ಮೇಲಿನಿಂದ. ಬಾಗಲಕೋಟೆಯ ಓಕುಳಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಬಂಡಿಯ ಮೇಲೆ ಬ್ಯಾರಲ್ ಇಟ್ಟುಕೊಂಡು ಬಣ್ಣ ಎರಚುವ ಗುಂಪಿಗೆ ಆಪರೇಷನ್ ಆದ ಮೂಗು, ಆಗದ ಮೂಗು ಎಲ್ಲ ಒಂದೇ. ಪ್ರೀತಿಯಿಂದ ಬಣ್ಣ ಬಳಿಯುವ ಗೆಳತಿಯ ಅಂಗೈಯೂ ಈಗ ಜೋರು ಏಟೇ.

ಇನ್ನು ಬೆಳಗಾವಿಯ ಪ್ರಯಾಣ. ಆಗುವುದಾದರೆ ಕಾರಿನಲ್ಲಿ ಹೋಗಿ. ಬಸ್ಸಾದರೆ ಸೀಟಿನ ಮುಂದೆ ಕಬ್ಬಿಣದ ಸರಳು ಇರುತ್ತದಲ್ಲ, ತೂಕಡಿಸಿದಾಗ ಹಂಪ್ ಬಂದರೆ ನೇರ ಮೂಗೇ ಅದಕ್ಕೆ ಬಡಿಯುತ್ತದೆ. ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ನಿಮಗೆ ನಿದ್ದೆ ಬಂದರೆ ಅವನು ಎಚ್ಚರ ಇರಲಿ. ತಲೆಯ ಮೇಲಿಂದ ಎಳೆದು ತೆಗೆಯುವ ಟಾಪ್ ಬೇಡ, ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಳ್ಳಿ. ಮುಖಕ್ಕೆ ಧೂಳು ಬರದಂತೆ ಓಢಣಿ ಸಡಿಲವಾಗಿ ಹೊದೆಯಿರಿ, ಸ್ಪ್ಲಿಂಟ್‌ನ ಮೇಲೆ ಬಿಗಿದು ಕಟ್ಟಬೇಡಿ. ಬಿಚ್ಚಿದ ಮೇಲೆ ಟೇಪು ಎಷ್ಟು ದಿನ, ಹೇಗೆ ಹಚ್ಚಬೇಕು ಅನ್ನುವುದನ್ನು ಅಲ್ಲೇ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಮನೆಗೆ ಬಂದು ಆಯಿಗೂ ತೋರಿಸಿ.